ಪದವಿನ ಕಾಲುದಾರಿಯಲ್ಲಿ ಸೈಕಲ್: ಕಾಸರಗೋಡಿನ ಗುಡ್ಡೆಗಳಲ್ಲಿ ಮೌಂಟನ್ ಬೈಕ್ ತುಳಿಯುವವರಿಗೆ

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಗುಡ್ಡೆಗಳಲ್ಲಿ ನಾನು ಸೈಕಲ್ ತುಳಿಯುವ ದಾರಿಗಳಲ್ಲಿ ಒಂದೂ ಸೈಕಲಿಗಾಗಿ ಕಡಿದದ್ದಲ್ಲ. ತೋಟಕ್ಕೆ ಸೊಪ್ಪು ಹೊರುವವರು, ಮುಳಿಹುಲ್ಲು ಕೊಯ್ಯುವವರು, ಗೇರುಬೀಜ ಹೆಕ್ಕುವವರು, ಶಾಲೆಗೆ ಹೋಗುವ ಮಕ್ಕಳು, ಮೇಯಲು ಹೋಗುವ ದನಗಳು ಎಷ್ಟೋ ಕಾಲದಿಂದ ನಡೆದು ಸವೆಸಿದ ದಾರಿಗಳವು. ಮಳೆಗಾಲದ ನಾಲ್ಕು ತಿಂಗಳು ಅದೇ ದಾರಿಗಳಲ್ಲಿ ಗುಡ್ಡೆಯ ನೀರೂ ಇಳಿಯುತ್ತದೆ. ಪೈವಳಿಕೆ, ಬಾಯಾರು, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿ ಕಡೆಯ ಗುಡ್ಡೆಗಳಿಗೆ ಮೌಂಟನ್ ಬೈಕ್ ತೆಗೆದುಕೊಂಡು ಹೊರಡುವವರಿಗಾಗಿ, ಅದರಲ್ಲೂ ಡಾಮರು ರಸ್ತೆಯಲ್ಲಿ ಸಾಕಷ್ಟು ಅಭ್ಯಾಸವಾಗಿ ಈಗ ಮಣ್ಣಿನ ದಾರಿಗೆ ಇಳಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುಡ್ಡೆಗೆ ಗಾಯವಾಗದಂತೆ ಸೈಕಲ್ ಬಿಡುವುದೂ ಸವಾರ ಬೀಳದಂತೆ ಸೈಕಲ್ ಬಿಡುವುದೂ ಈ ನೆಲದಲ್ಲಿ ಒಂದೇ ವಿದ್ಯೆ ಎಂಬುದು ನನ್ನ ಅನುಭವ. ಆ ವಿದ್ಯೆಯ ಮುಕ್ಕಾಲು ಪಾಲು ಬ್ರೇಕ್ ಹಿಡಿಯುವ ಎರಡು ಬೆರಳುಗಳಲ್ಲಿದೆ.

ನೆಲದ ಗುಣ

ಸೈಕಲಿನ ಮಾತಿಗಿಂತ ಮೊದಲು ನೆಲದ ಮಾತು. ನಮ್ಮ ಗುಡ್ಡೆಗಳ ಮೈ ಬಹುಪಾಲು ಮುರಕಲ್ಲು, ಅಂದರೆ ಮನೆ ಕಟ್ಟಲು ಕಡಿಯುವ ಕೆಂಪುಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರದು. ನೆಲದೊಳಗಿರುವಾಗ ಮೆದುವಾಗಿರುವ ಈ ಕಲ್ಲು ಗಾಳಿಬಿಸಿಲಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಗುಡ್ಡೆಯ ನೆತ್ತಿಯ ಪದವಿನಲ್ಲಿ (ಸಮತಟ್ಟು ಬಯಲಿನಲ್ಲಿ) ಬೋಳು ಪಾದೆ (ಬಂಡೆ), ಇಳಿಜಾರಿನಲ್ಲಿ ಪಾದೆ ಒಡೆದು ಉದುರಿದ ಉರುಟು ಹರಳು, ಅದಕ್ಕೂ ಕೆಳಗೆ ಮೆದುವಾದ ಸೇಡಿಮಣ್ಣು, ಬೈಲಿನ ಅಂಚಿಗೆ ಬಂದಾಗ ತೋಟದ ಕಪ್ಪು ಮಣ್ಣು ಎಂಬ ಕ್ರಮ ಇಲ್ಲಿನ ಹೆಚ್ಚಿನ ದಾರಿಗಳಲ್ಲಿ ಕಾಣಸಿಗುತ್ತದೆ. ಒಂದೇ ಇಳಿತದಲ್ಲಿ ಈ ನಾಲ್ಕು ನೆಲಗಳೂ ಸಿಗುವುದರಿಂದ ಬ್ರೇಕ್ ಹಿಡಿಯುವ ಬಲವನ್ನು ನಾಲ್ಕು ಸಲ ಬದಲಿಸಬೇಕಾಗುತ್ತದೆ.

ಒಣಗಿದ ಪಾದೆಯ ಮೇಲೆ ಟಯರ್ ಅಂಟಿಕೊಂಡಂತೆ ನಿಲ್ಲುತ್ತದೆ, ಆದರೆ ಅದೇ ಪಾದೆಗೆ ಮಳೆಗಾಲದಲ್ಲಿ ಪಾಚಿ ಹಿಡಿದರೆ ಬರಿಗಾಲಲ್ಲಿ ನಡೆಯುವುದೂ ಕಷ್ಟ. ಉರುಟು ಹರಳಿನ ಇಳಿಜಾರು ವರ್ಷವಿಡೀ ಅಪಾಯಕಾರಿ. ಕಡಲೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟಂತೆ ಚಕ್ರ ಅದರ ಮೇಲೆ ಉರುಳಿಬಿಡುತ್ತದೆ. ಸೇಡಿಮಣ್ಣು ಒಣಗಿದ್ದರೆ ಎಲ್ಲಕ್ಕಿಂತ ಹಿತ, ಒದ್ದೆಯಾದರೆ ಟಯರಿನ ಹಲ್ಲುಗಳ ನಡುವೆ ತುಂಬಿಕೊಂಡು ಚಕ್ರವನ್ನೇ ನುಣ್ಣಗೆ ಮಾಡುತ್ತದೆ. ಹಲಸು, ಗೇರು, ಮಾವಿನ ಮರಗಳಡಿಯ ತರಗೆಲೆಯ ಹಾಸು ಕೆಳಗಿನ ಬೇರನ್ನೂ ಕಲ್ಲನ್ನೂ ಮುಚ್ಚಿಟ್ಟಿರುತ್ತದೆ. ಅಡಿಕೆ ತೋಟದ ಬದಿಯಲ್ಲಿ ಬಿದ್ದ ಹಾಳೆಯಂತೂ (ಅಡಿಕೆ ಸೋಗೆಯ ಅಗಲವಾದ ಬುಡ) ಇವೆಲ್ಲಕ್ಕಿಂತ ಮೋಸದ್ದು. ಮಕ್ಕಳು ಹಾಳೆಯ ಮೇಲೆ ಕುಳಿತು ದರೆಯಿಂದ ಜಾರುವ ಆಟ ಆಡಿದವರಿಗೆ, ಅದರ ಮೇಲೆ ಚಕ್ರ ಹತ್ತಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಪದವಿನ ಮೇಲೆ ಬಿದ್ದ ನೀರಿನಲ್ಲಿ ಒಂದು ಪಾಲು ಪಳ್ಳಗಳಲ್ಲಿ ನಿಂತು, ಕಲ್ಲಿನ ಬಿರುಕುಗಳಲ್ಲಿ ಇಂಗಿ, ಕೆಳಗಿನ ಮನೆಗಳ ಸುರಂಗಗಳಲ್ಲಿ ಒಸರಿ ಬರುತ್ತದೆ. ಗುಡ್ಡೆಯ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಗಾತ್ರಕ್ಕೆ ಕೈಯಿಂದಲೇ ತೋಡಿದ ಈ ನೀರಿನ ಸುರಂಗಗಳು ಬಾಯಾರು, ಎಣ್ಮಕಜೆ ಕಡೆಯ ಕೃಷಿಕರಿಗೆ ಇಂದಿಗೂ ಕುಡಿಯುವ ನೀರು ಕೊಡುತ್ತಿವೆ. ಸೈಕಲ್ ಸವಾರನಿಗೆ ಇದೇಕೆ ತಿಳಿದಿರಬೇಕೆಂದರೆ, ಹಿಂದಿನ ಚಕ್ರ ಲಾಕ್ ಆಗಿ ಎಳೆದ ಪ್ರತಿಯೊಂದು ಗೆರೆಯೂ ಮುಂದಿನ ಮಳೆಗೆ ಸಿದ್ಧವಾದ ತೋಡು. ಹುಲ್ಲಿನ ನಡುವೆ ನಿಧಾನವಾಗಿ ಇಂಗಬೇಕಾದ ನೀರು ಆ ಗೆರೆ ಹಿಡಿದು ಮಣ್ಣನ್ನೂ ಎಳೆದುಕೊಂಡು ಕೆಳಗೋಡುತ್ತದೆ, ಎರಡು ಮಳೆಗಾಲ ಕಳೆಯುವಾಗ ಮೊಣಕಾಲುದ್ದದ ಕೊರಕಲಾಗುತ್ತದೆ. ನಾನು ಇದನ್ನು ತಿಳಿದದ್ದು ಪುಸ್ತಕದಿಂದಲ್ಲ. ಒಂದು ಅಕ್ಟೋಬರಿನಲ್ಲಿ, ಹಿಂದಿನ ವಾರವಷ್ಟೇ ಉತ್ಸಾಹದಿಂದ ಇಳಿದಿದ್ದ ಗುಡ್ಡೆಯ ಬುಡದಲ್ಲಿ ಒಬ್ಬ ಅಜ್ಜ ನನ್ನನ್ನು ನಿಲ್ಲಿಸಿ, ಸಿಟ್ಟಾಗದೆ, ತಮ್ಮ ಸುರಂಗದ ಬಾಯಿಗೆ ಕರೆದುಕೊಂಡು ಹೋದರು. ಮಣ್ಣಿನ ದಂಡೆ ಕಟ್ಟಿ ನೀರು ನಿಲ್ಲಿಸುವ ಜಾಗದಲ್ಲಿ ಬೊಗಸೆ ಬೊಗಸೆ ಕೆಂಪು ಹೂಳು ತುಂಬಿತ್ತು. “ನಿನ್ನ ಸೈಕಲಿನ ಗೆರೆಲಿಯೇ ನಿನ್ನೆಯಾಣ ಮಳೆನೀರು ಇಳುದು ಬಂದದು, ಮಾಣಿ” ಎಂದು ಕೈಯಲ್ಲಿದ್ದ ಕೋಲಿನಿಂದ ಮೇಲಿನ ತಿರುವಿನವರೆಗೆ ಆ ಗೆರೆಯನ್ನು ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು; ಗೆರೆ ನಾನು ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದ ಜಾಗದಿಂದಲೇ ಶುರುವಾಗಿತ್ತು.

ಯಾರ ಜಾಗ, ಯಾರ ಅನುಮತಿ

ಹೊರಡುವ ಮುನ್ನ ದಾರಿಯ ಪ್ರತಿ ತುಂಡೂ ಯಾರ ಜಾಗದಲ್ಲಿದೆ ಎಂದು ವಿಚಾರಿಸಬೇಕು. ಮೊಬೈಲಿನ ನಕ್ಷೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವುದೆಲ್ಲ ಸಾರ್ವಜನಿಕ ದಾರಿಯಲ್ಲ. ನಮ್ಮಲ್ಲಿ ಒಂದೇ ಕಾಲುದಾರಿ ಪಂಚಾಯತು ರಸ್ತೆಯಿಂದ ಶುರುವಾಗಿ, ಒಬ್ಬರ ಅಡಿಕೆ ತೋಟದ ಬದಿ ಹಾದು, ಇನ್ನೊಬ್ಬರ ಸೊಪ್ಪಿನ ಗುಡ್ಡೆ ಹತ್ತಿ, ಸರಕಾರಿ ಪದವು ದಾಟಿ, ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟದಲ್ಲೋ ರಕ್ಷಿತಾರಣ್ಯದ ಅಂಚಿನಲ್ಲೋ ಮುಗಿಯಬಹುದು. ನೆರೆಯವರು ನಡೆದು ಹೋಗಲು ಮನೆಯವರು ಒಪ್ಪಿರುತ್ತಾರೆ ಎಂದ ಮಾತ್ರಕ್ಕೆ ಅಪರಿಚಿತರ ಐದು ಸೈಕಲುಗಳಿಗೂ ಒಪ್ಪಿದ್ದಾರೆಂದು ಭಾವಿಸಬಾರದು. ಮನೆಯಂಗಳದ ಹತ್ತಿರ ಹಾದುಹೋಗುವ ದಾರಿಯಾದರೆ ಹಿಂದಿನ ದಿನವೇ ಹೋಗಿ ಕೇಳುವುದು ಮರ್ಯಾದೆ. ದಾರಿಯಲ್ಲಿ ಸಿಕ್ಕವರನ್ನು “ಅಣ್ಣೆರೇ, ಈ ಸಾದಿಡ್ ಪೋವೊಲಿಯಾ?” (ಅಣ್ಣಾ, ಈ ದಾರಿಯಲ್ಲಿ ಹೋಗಬಹುದಾ?) ಎಂದು ತುಳುವಿನಲ್ಲೋ, ಕನ್ನಡದಲ್ಲೋ, ಮಲೆಯಾಳದಲ್ಲೋ, ಅವರ ಮಾತಿನಲ್ಲಿ ಕೇಳಿದರೆ ದಾರಿಯ ಜೊತೆಗೆ ಅದರ ಸುದ್ದಿಯೂ ಸಿಗುತ್ತದೆ: ಎಲ್ಲಿ ಸಂಕ (ಕಾಲುಸೇತುವೆ) ಮುರಿದಿದೆ, ಯಾವ ತೋಟಕ್ಕೆ ಹೊಸ ಬೇಲಿ ಬಿದ್ದಿದೆ, ನಿನ್ನೆ ರಾತ್ರಿ ಆನೆ ಎಲ್ಲಿ ಇಳಿದಿತ್ತು.

ರಕ್ಷಿತಾರಣ್ಯದ ವಿಷಯದಲ್ಲಿ ಸಡಿಲಿಕೆ ಬೇಡ. ಕಾಸರಗೋಡು ಕೇರಳದಲ್ಲಿರುವುದರಿಂದ ಇಲ್ಲಿ 1961ರ ಕೇರಳ ಅರಣ್ಯ ಕಾಯ್ದೆ ಅನ್ವಯಿಸುತ್ತದೆ, ಅನುಮತಿಯಿಲ್ಲದೆ ರಕ್ಷಿತಾರಣ್ಯ ಹೊಗುವುದು ಅದರ ಪ್ರಕಾರ ಅಪರಾಧ. ಗಡಿ ಗುರುತಿಗೆ ಕಲ್ಲು ಪೇರಿಸಿ ಕಟ್ಟಿದ ಜಂಡಗಳು ಅಲ್ಲಲ್ಲಿ ಕಾಣುತ್ತವೆ. ಜಂಡ ಕಂಡಲ್ಲಿ ಸೈಕಲ್ ತಿರುಗಿಸಿ. ಒಳಗಿನ ದಾರಿ ಬೇಕೇ ಬೇಕೆಂದಾದರೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ, ಕೊಟ್ಟರೆ ಮಾತ್ರ ಹೋಗಿ. ನಾಗಬನಗಳಿಗೂ ದೈವಸ್ಥಾನದ ಕಾಡುಗಳಿಗೂ ಯಾರ ಅನುಮತಿಯನ್ನೂ ಕೇಳಲು ಹೋಗಬೇಡಿ, ಅಲ್ಲಿಗೆ ಸೈಕಲ್ ಒಯ್ಯುವುದೇ ಬೇಡ. ಬನದ ಅಂಚಿನ ದಾರಿಯಲ್ಲಿ ಇಳಿದು ತಳ್ಳಿಕೊಂಡು ಹೋದರಾಯಿತು.

ಕೇರಳದ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ. ಯಾವ ಪದವಿನಲ್ಲಿ ಯಾವ ಕಾಲದಲ್ಲಿ ಕಾಲಿಡಬಾರದು ಎಂದು ಪಂಚಾಯತು ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕಾಲ ಮತ್ತು ಹೊತ್ತು

ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗಿನ ಮೂರು ತಿಂಗಳು ಇಲ್ಲಿನ ಗುಡ್ಡೆಗಳಿಗೆ ಅತ್ಯುತ್ತಮ. ನೆಲದಲ್ಲಿ ಇನ್ನೂ ಸ್ವಲ್ಪ ತೇವ ಉಳಿದು ಹರಳು ಮಣ್ಣಿನಲ್ಲಿ ಕಚ್ಚಿಕೊಂಡಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ. ಫೆಬ್ರವರಿಯಿಂದ ಗೇರುಬೀಜದ ಕೊಯ್ಲು ಶುರು. ಬೆಳಗ್ಗೆಯೇ ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಮರಗಳಡಿ ಬಗ್ಗಿಕೊಂಡಿರುತ್ತಾರೆ, ಬಿದ್ದ ಹಣ್ಣು ಚಕ್ರಕ್ಕೆ ಸಿಕ್ಕಿದರೆ ಎಣ್ಣೆಯಂತೆ ಜಾರುತ್ತದೆ. ಆ ಕಾಲದಲ್ಲಿ ಗೇರುಗುಡ್ಡೆಗಳನ್ನು ದುಡಿಯುವವರಿಗೆ ಬಿಟ್ಟುಕೊಡಿ. ಮಾರ್ಚ್, ಏಪ್ರಿಲ್‌ಗಳಲ್ಲಿ ಮುಳಿಹುಲ್ಲು ಒಂದು ಕಿಡಿಗೆ ಕಾದಂತಿರುವುದರಿಂದ ಬೀಡಿ, ಸಿಗರೇಟು, ಚಹಾದ ಒಲೆ ಯಾವುದೂ ಗುಡ್ಡೆ ಹತ್ತಬಾರದು.

ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣಿನ ದಾರಿಗಳನ್ನು ಪೂರ್ತಿ ಬಿಟ್ಟುಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವರು ಮಳೆಯಲ್ಲೇ ಮಜಾ ಎನ್ನುತ್ತಾರೆ. ನೆಲ ಮೆತ್ತಗಿರುವಾಗ ಹತ್ತು ಸೈಕಲುಗಳು ಒಂದು ಬೆಳಗ್ಗೆ ಮಾಡುವ ಕೊರೆತವನ್ನು ಹುಲ್ಲು ಒಂದು ವರ್ಷದಲ್ಲೂ ಮುಚ್ಚಲಾರದು. ನಡುವೆ ಒಂದು ಜೋರು ಮಳೆ ಬಂದರೆ ಎರಡು ಒಣದಿನ ಕಾಯಿರಿ. ನೆಲವನ್ನು ಪರೀಕ್ಷಿಸಲು ಹೆಬ್ಬೆರಳು ಸಾಕು: ಒತ್ತಿದಾಗ ಉಗುರಿನ ಆಳಕ್ಕೆ ಇಳಿದು ಗುರುತು ಉಳಿದರೆ ಅಂದು ಡಾಮರು ರಸ್ತೆಯಲ್ಲೇ ಸವಾರಿ.

ಬೆಳಗ್ಗೆ ಆರೂವರೆ ಏಳರ ನಡುವೆ ಹೊರಟು ಹತ್ತು ಗಂಟೆಯೊಳಗೆ ಮರಳುವುದು ಸಾಮಾನ್ಯ ಕ್ರಮ. ಕಾಡಿನ ಅಂಚಿನ ಊರುಗಳಲ್ಲಿ, ಅಂದರೆ ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ, ಪೂರ್ತಿ ಬೆಳಕು ಹರಿದ ಮೇಲೆಯೇ ಹೊರಡಬೇಕು, ಸಂಜೆ ಐದರ ಮೇಲೆ ಅಲ್ಲಿರಬಾರದು. ಲೈಟು ಕಟ್ಟಿಕೊಂಡು ರಾತ್ರಿ ಸವಾರಿ ಈ ನಾಡಿಗೆ ಹೇಳಿಸಿದ್ದಲ್ಲ. ತುಲಾಮಾಸದ ಹತ್ತರಿಂದ (ಅಕ್ಟೋಬರ್ ಕೊನೆ) ಪತ್ತನಾಜೆಯವರೆಗೆ (ಮೇ ಕೊನೆ) ಕೋಲ, ತೆಯ್ಯಂಗಳ ಕಾಲವೂ ಹೌದು. ಊರಿನಲ್ಲಿ ನೇಮವಿರುವ ದಿನ ಸ್ಥಾನಕ್ಕೆ ಹೋಗುವ ದಾರಿಗಳಲ್ಲಿ ಜನರ ಓಡಾಟವಿರುತ್ತದೆ, ಅಂದು ಬೇರೆ ಗುಡ್ಡೆ ಆರಿಸಿಕೊಳ್ಳಿ.

ಸೈಕಲ್ ಸಿದ್ಧತೆ

ದುಬಾರಿ ಸೈಕಲ್ ಬೇಕಾಗಿಲ್ಲ. ಮುಂದುಗಡೆ 100ರಿಂದ 120 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಫೋರ್ಕ್, ಹಿಂದೆ ಗಟ್ಟಿ ಚೌಕಟ್ಟು ಇರುವ ಹಾರ್ಡ್‌ಟೇಲ್ ಇಲ್ಲಿಗೆ ಧಾರಾಳ. ಹಣ ಖರ್ಚು ಮಾಡುವುದಿದ್ದರೆ ಮೊದಲು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಮಾಡಿ, ಏಕೆಂದರೆ ಒಂದೇ ಬೆರಳಿನಿಂದ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಆಗುವುದು ಅದರಲ್ಲಿಯೇ. ಟಯರ್ ಕನಿಷ್ಠ 2.25 ಇಂಚು ಅಗಲವಿದ್ದು ಅಂಚಿನ ಹಲ್ಲುಗಳು ಸವೆಯದೆ ಇರಬೇಕು.

ಗಾಳಿಯ ವಿಷಯದಲ್ಲಿ ಹೊಸಬರೆಲ್ಲರೂ ಒಂದೇ ತಪ್ಪು ಮಾಡುತ್ತಾರೆ: ಪಂಕ್ಚರಿಗೆ ಹೆದರಿ ಕಲ್ಲಿನಂತೆ ಗಾಳಿ ತುಂಬುತ್ತಾರೆ. ಬಿಗಿಯಾದ ಟಯರ್ ಹರಳಿನ ಮೇಲೆ ಪುಟಿಯುತ್ತದೆ, ನೆಲವನ್ನು ಹಿಡಿಯುವುದಿಲ್ಲ. ಹಿಡಿಯದ ಚಕ್ರ ಬ್ರೇಕ್ ಹಾಕಿದೊಡನೆ ಲಾಕ್ ಆಗಿ ನೆಲ ಗೀಚುತ್ತದೆ. ಸುಮಾರು 65 ಕಿಲೋ ತೂಗುವ ಸವಾರನಿಗೆ ಟ್ಯೂಬ್ ಇರುವ ಟಯರಿನಲ್ಲಿ ಗಾಳಿಯ ಒತ್ತಡ ಮುಂದೆ 28, ಹಿಂದೆ 30 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 24 ಪಿಎಸ್‌ಐ ಇಟ್ಟುಕೊಂಡು ಶುರು ಮಾಡಬಹುದು. ರಿಮ್ಮು ಕಲ್ಲಿಗೆ ತಾಗಿದ ಸದ್ದು ಕೇಳಿದರೆ ಎರಡು ಹೆಚ್ಚಿಸಿ, ಪುಟಿತ ಹೆಚ್ಚೆನಿಸಿದರೆ ಎರಡು ಕಡಿಮೆ ಮಾಡಿ. ಚೂರಿಮುಳ್ಳು, ನಾಚಿಕೆಮುಳ್ಳು ಎಲ್ಲೆಡೆ ಇರುವ ನಮ್ಮ ಗುಡ್ಡೆಗಳಿಗೆ ಟ್ಯೂಬ್‌ಲೆಸ್ ಅನುಕೂಲ. ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ನಮ್ಮ ಸೆಕೆಗೆ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಸೇರಿಸಬೇಕು.

ಹೆಲ್ಮೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್, ಪಾದ ಮುಚ್ಚುವ ಶೂ ಕಡ್ಡಾಯ. ಚೀಲದಲ್ಲಿ ಒಂದು ಹೆಚ್ಚುವರಿ ಟ್ಯೂಬ್, ಪಂಪು, ಟಯರ್ ಲಿವರ್, ಚೈನಿನ ಕೊಂಡಿ ಮತ್ತು ಸಣ್ಣ ಟೂಲ್, ಅಗಲವಾದ ಬ್ಯಾಂಡೇಜು ಬಟ್ಟೆ, ಸಿಳ್ಳೆ, ಎರಡು ಲೀಟರ್ ನೀರು ಇರಲಿ. ಬೆಲ್ ತಪ್ಪದೆ ಇರಲಿ. ತಿರುವಿನ ಆಚೆ ಸೊಪ್ಪಿನ ಕಟ್ಟು ತಲೆಯ ಮೇಲೆ ಹೊತ್ತು ಬರುವವರಿಗೆ ನಿಮ್ಮನ್ನು ನೋಡಲು ಕತ್ತು ಎತ್ತಲಾಗುವುದಿಲ್ಲ.

ಇಳಿಯುವುದು, ಹತ್ತುವುದು, ತಿರುಗುವುದು

ಮೊದಲ ದಿನ ಗುಡ್ಡೆಗೆ ಹೋಗಬೇಡಿ. ಊರಿನ ಯಾವುದಾದರೂ ಹರಳು ಹಾಸಿದ ಸಮತಟ್ಟು ಮೈದಾನದಲ್ಲಿ, ನಡೆಯುವಷ್ಟು ವೇಗದಲ್ಲಿ ಸೈಕಲ್ ಬಿಡುತ್ತ, ತೋರುಬೆರಳೊಂದನ್ನೇ ಹಿಂದಿನ ಬ್ರೇಕಿನ ಮೇಲಿಟ್ಟು ಮೆಲ್ಲಗೆ ಒತ್ತುತ್ತ ಹೋಗಿ. ಚಕ್ರ ಲಾಕ್ ಆಗುವುದಕ್ಕೆ ಸ್ವಲ್ಪ ಮೊದಲು ಟಯರಿನ ಸದ್ದು ಬದಲಾಗುತ್ತದೆ. ಹರಳು ಪುಡಿಯಾಗುವ ಕರಕರ ಸದ್ದು ಹೋಗಿ ಎಳೆಯುವ ಸರಸರ ಸದ್ದು ಬರುತ್ತದೆ. ಆ ಎರಡು ಸದ್ದುಗಳ ನಡುವಿನ ಗಡಿಯಲ್ಲಿ ಬೆರಳನ್ನು ನಿಲ್ಲಿಸಲು ಇಪ್ಪತ್ತು ಸಲ ಅಭ್ಯಾಸ ಮಾಡಿ. ನಂತರ ಮುಂದಿನ ಬ್ರೇಕಿಗೂ ಹಾಗೆಯೇ, ಆದರೆ ನೇರ ಹೋಗುವಾಗ ಮಾತ್ರ. ಸೈಕಲ್ ನಿಲ್ಲಿಸುವ ಬಲ ಹೆಚ್ಚಾಗಿ ಇರುವುದು ಮುಂದಿನ ಚಕ್ರದಲ್ಲಿಯೇ, ಏಕೆಂದರೆ ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರವಾಗುತ್ತದೆ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನೇ ಹಿಡಿಯುವವರು ನಿಲ್ಲುವುದಕ್ಕಿಂತ ಹೆಚ್ಚು ಗೀಚುತ್ತಾರೆ.

ಇಳಿಯುವ ಮೊದಲು ಸೀಟನ್ನು ನಾಲ್ಕೈದು ಸೆಂಟಿಮೀಟರ್ ತಗ್ಗಿಸಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಮೊಣಕಾಲು ಮೊಣಕೈ ಮಡಚಿ, ಸೀಟಿನಿಂದ ಎದ್ದು, ಭಾರವೆಲ್ಲ ಪಾದಗಳ ಮೇಲೆ ಬರುವಂತೆ ನಿಲ್ಲಿ. ಹಿಮ್ಮಡಿ ಸ್ವಲ್ಪ ಕೆಳಗೆ. ಕೈ ಹ್ಯಾಂಡಲನ್ನು ಹಿಡಿದಿರಬೇಕು, ಅದಕ್ಕೆ ಜೋತುಬೀಳಬಾರದು. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲೆ ನೆಟ್ಟರೆ ಚಕ್ರ ಆ ಕಲ್ಲಿಗೇ ಹೋಗುತ್ತದೆ, ಆದ್ದರಿಂದ ನಾಲ್ಕೈದು ಮೀಟರ್ ಮುಂದೆ, ಹೋಗಬೇಕಾದ ಜಾಗದ ಮೇಲೆ ದೃಷ್ಟಿ ಇರಲಿ. ವೇಗವನ್ನು ಪಾದೆಯ ಮೇಲೆ, ಹರಳು ಶುರುವಾಗುವ ಮೊದಲೇ ಇಳಿಸಿಕೊಳ್ಳಬೇಕು. ಹರಳಿನ ಮೇಲೆ ಬಂದ ನಂತರ ಬ್ರೇಕ್ ಹೆಚ್ಚು ಹಿಡಿಯುವುದಕ್ಕೆ ಅವಕಾಶವಿಲ್ಲ. ಹಿಡಿದದ್ದನ್ನು ಮೆಲ್ಲಗೆ ಬಿಡಬಹುದಷ್ಟೆ. ನನ್ನ ಮೊದಲ ವರ್ಷದಲ್ಲಿ ಒಂದು ಹರಳಿನ ತಿರುವಿನ ನಡುವೆ, ಎದುರಿಗೆ ದನ ಕಂಡು ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಚಕ್ರ ನೆಲ ಬಿಟ್ಟಂತೆ ಪಕ್ಕಕ್ಕೆ ಹೋಯಿತು. ಬಿದ್ದಾಗ ಎಡ ಮೊಣಕೈಯೊಳಗೆ ಹೊಕ್ಕ ಕೆಂಪು ಹರಳುಗಳನ್ನು ದಾದಿ ಚಿಮ್ಮಟದಿಂದ ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದ ಸದ್ದು ನನಗಿನ್ನೂ ನೆನಪಿದೆ. ತಿರುವಿಗೆ ಮೊದಲು ಬ್ರೇಕ್, ತಿರುವಿನಲ್ಲಿ ಬೆರಳು ಸಡಿಲ ಎಂಬುದನ್ನು ಅಂದಿನಿಂದ ಮೀರಿಲ್ಲ. ತಿರುಗುವಾಗ ಹೊರಬದಿಯ ಪೆಡಲ್ ಕೆಳಗಿರಲಿ, ಸೈಕಲನ್ನು ಒಳಕ್ಕೆ ವಾಲಿಸಿ ಮೈಯನ್ನು ನೆಟ್ಟಗಿಡಿ, ತಲೆಯನ್ನು ದಾರಿ ಮುಗಿಯುವ ಕಡೆಗೆ ತಿರುಗಿಸಿ.

ಹತ್ತುವಾಗ ಏರು ಶುರುವಾಗುವ ಮೊದಲೇ ಹಗುರದ ಗೇರಿಗೆ ಬನ್ನಿ. ಸೀಟಿನ ಮೂತಿಯ ಮೇಲೆ ಕುಳಿತು, ಎದೆಯನ್ನು ಹ್ಯಾಂಡಲಿನತ್ತ ಬಗ್ಗಿಸಿ, ಒಂದೇ ಸಮನೆ ತುಳಿಯಿರಿ. ಚಕ್ರ ನಿಂತಲ್ಲೇ ತಿರುಗತೊಡಗಿದರೆ ಮತ್ತೆರಡು ಸಲ ಪ್ರಯತ್ನಿಸುವ ಹಟ ಬೇಡ, ಇಳಿದು ತಳ್ಳಿ. ನಿಂತಲ್ಲೇ ತಿರುಗುವ ಚಕ್ರ ಬೈರಿಗೆಯಂತೆ ನೆಲ ಕೊರೆಯುತ್ತದೆ. ಬೇರುಗಳನ್ನು ಓರೆಯಾಗಿ ದಾಟದೆ ನೇರ ಅಡ್ಡಲಾಗಿ ದಾಟಬೇಕು. ಅಡಿಕೆ ಮರದ ಸಂಕ, ಗದ್ದೆಯ ಹುಣಿ, ಬೇಲಿಯ ತಡಮೆ, ತೋಟಕ್ಕೆ ನೀರು ಒಯ್ಯುವ ಪೈಪು ಇವುಗಳ ಬಳಿ ಇಳಿಯುವುದೇ ನಿಯಮ. ಹುಣಿಯ ಮೇಲೆ ಒಂದು ಚಕ್ರ ಹೋದರೂ ಅಂಚು ಕುಸಿದು ಗದ್ದೆಯ ನೀರು ಹರಿದುಹೋಗುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಾರಿಯಲ್ಲಿ ಕೆಸರುಗುಂಡಿ ಸಿಕ್ಕಿದರೆ ಅದರ ನಡುವೆಯೇ ಹೋಗಬೇಕು, ಬದಿಯಿಂದ ಸುತ್ತಿದರೆ ದಾರಿ ಅಗಲವಾಗುತ್ತದೆ ಎಂದು ಎಲ್ಲೆಡೆ ಕಲಿಸುತ್ತಾರೆ. ಮಣ್ಣಿನ ದಾರಿಗೆ ಅದು ಸರಿ. ಪದವಿನ ಪಾದೆಯ ಮೇಲೆ ನಿಂತ ನೀರಿಗೆ ಮಾತ್ರ ಆ ನಿಯಮ ಹೊಂದುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಅಂಥ ಒಂದು ಪಳ್ಳದ ಬದಿಯಲ್ಲಿ ಕುಳಿತು ನೋಡಿ: ಅಂಗೈ ಅಗಲದ ನೀರಿನಲ್ಲಿ ಬಾಲ ಅಲ್ಲಾಡಿಸುವ ಗೊದಮೊಟ್ಟೆಗಳು, ಅಂಚಿನ ತೆಳು ಮಣ್ಣಿನಲ್ಲಿ ಗುಂಡುಸೂಜಿಯ ತಲೆಯಂಥ ಬಿಳಿ ಹೂಗಳು, ಅಂಟು ಹನಿಗಳನ್ನು ಹೊತ್ತ ಕೆಂಪು ಎಲೆಗಳಿಂದ ಹುಳ ಹಿಡಿದು ತಿನ್ನುವ ಗಿಡ. ಆ ಮಣ್ಣಿನ ದಪ್ಪ ಒಂದು ಇಂಚೂ ಇರುವುದಿಲ್ಲ. ಒಮ್ಮೆ ಟಯರ್ ಅದನ್ನು ಕಿತ್ತರೆ ಕೆಳಗಿರುವುದು ಬರೀ ಕಲ್ಲು. ಇಂಥ ಮುರಕಲ್ಲು ನಾಡಿನ ಮಳೆಗಾಲದ ಹಳ್ಳದಲ್ಲಿ, ಇದೇ ಜಿಲ್ಲೆಯ ಪೆರಿಯದಲ್ಲಿ ಸಿಕ್ಕಿದ ಕ್ರೈನಮ್ ಮಲಬಾರಿಕಮ್ ಎಂಬ ಬಿಳಿ ಹೂವಿನ ಗಿಡ 2012ರಲ್ಲಿ ಹೊಸ ಪ್ರಭೇದವೆಂದು ದಾಖಲಾಯಿತು, 2023ರಲ್ಲಿ ಜಿಲ್ಲೆಯ ಹೂವೆಂದು ಘೋಷಿತವಾಯಿತು. ಆದ್ದರಿಂದ ಪದವಿನಲ್ಲಿ ನೀರು ಕಂಡರೆ ಇಳಿದು, ಸೈಕಲನ್ನು ಹೆಗಲಿಗೇರಿಸಿ, ಒಣ ಪಾದೆಯ ಮೇಲೆ ಕಾಲಿಟ್ಟು ದಾಟಿ.

ಎದುರಾಗುವ ಅಪಾಯಗಳು

ಈ ನಾಡಿನ ಅತಿ ದೊಡ್ಡ ಅಪಾಯ ಪ್ರಾಣಿಯದ್ದಲ್ಲ, ಕಲ್ಲಿನ ಕೋರೆಯದ್ದು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಪದವಿನ ಮಟ್ಟದಿಂದ ಗೋಡೆಯಂತೆ ನೇರ ಕೆಳಗಿಳಿಯುತ್ತವೆ. ಅಂಚಿಗೆ ತಡೆ ಇಲ್ಲದ ಕಡೆ ಡಿಸೆಂಬರಿನಲ್ಲಿ ಮುಳಿಹುಲ್ಲು ಬೆಳೆದು ಅಂಚನ್ನೂ ಮರೆಮಾಡಿರುತ್ತದೆ. ಕಳೆದ ವರ್ಷ ನೇರ ಹೋಗುತ್ತಿದ್ದ ದಾರಿ ಈ ವರ್ಷ ಕೋರೆಯ ಬಾಯಲ್ಲಿ ಮುಗಿಯಬಹುದು. ಹೊಸ ಪದವಿನ ದಾರಿಯನ್ನು ಮೊದಲ ಸಲ ನಡೆದೇ ನೋಡಬೇಕು, ಹಳೆಯದನ್ನು ಪ್ರತಿ ಮಳೆಗಾಲದ ನಂತರ ಮತ್ತೆ ನಡೆದು ನೋಡಬೇಕು. ದಂಡೆ ಕಟ್ಟದ ಬಾವಿ, ಮದಕಗಳ ವಿಷಯದಲ್ಲೂ ಹೀಗೆಯೇ. ತೋಟದಂಚಿನಲ್ಲಿ ಎದೆಮಟ್ಟದ ತಂತಿ, ಹಂದಿಗಾಗಿ ಕಟ್ಟಿದ ವಿದ್ಯುತ್ ಬೇಲಿ ಇರಬಹುದಾದ್ದರಿಂದ ದಾರಿ ಬಿಟ್ಟು ಅಡ್ಡದಾರಿ ಹಿಡಿಯಬೇಡಿ.

ಆನೆಯ ಹಸಿ ಲದ್ದಿ, ಸೀಳಿದ ಬಾಳೆ, ಬಗ್ಗಿಸಿದ ಬೈನೆ ಮರ ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ. ಫೋಟೋಕ್ಕಾಗಿ ಒಂದು ನಿಮಿಷವೂ ನಿಲ್ಲಬೇಡಿ. ಇಳಿಜಾರಿನಲ್ಲಿ ಸೈಕಲ್ ಆನೆಗಿಂತ ವೇಗವಾಗಿ ಓಡೀತು ಎಂಬ ನಂಬಿಕೆಯಿಂದ ಮುಂದುವರಿಯುವುದು ಹುಚ್ಚುತನ. ದನ, ಎಮ್ಮೆಗಳು ಎದುರಾದರೆ ಇಳಿದು ಕೆಳಬದಿಯಲ್ಲಿ ನಿಂತು ಅವು ಹೋದ ಮೇಲೆ ಹೊರಡಿ.

ಬೇಸಗೆಯ ಪದವಿನಲ್ಲಿ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿದರೆ ಅಲ್ಲೇ ಹತ್ತಿರದಲ್ಲಿ ಅದರ ಮೊಟ್ಟೆಗಳಿವೆ ಎಂದು ತಿಳಿಯಿರಿ. ಗೂಡೆಂದರೆ ಬರೀ ನೆಲ; ಹರಳಿನ ನಡುವೆ ಹರಳಿನದೇ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆಗಳು, ಚೂಪು ತುದಿ ಒಳಮುಖವಾಗಿ ಜೋಡಿಸಿಟ್ಟಂತೆ. ನಾನು ಒಮ್ಮೆ ಟಯರಿನಿಂದ ಗೇಣು ದೂರದಲ್ಲಿ ಅವನ್ನು ಕಂಡು, ಸೈಕಲನ್ನು ಎತ್ತಿಕೊಂಡು ಬಂದ ಹೆಜ್ಜೆಗಳಲ್ಲೇ ಹಿಂದೆ ಸರಿದೆ. ಕಿರುಚಾಟ ನಿಲ್ಲುವಷ್ಟು ದೂರ ಹಿಂದೆ ಹೋಗುವುದೇ ಸರಿಯಾದ ಕ್ರಮ.

ಒಬ್ಬರೇ ಹೋಗಬೇಡಿ, ಮೂವರಿದ್ದರೆ ಒಬ್ಬರು ಬಿದ್ದವರ ಬಳಿ ಉಳಿದು ಇನ್ನೊಬ್ಬರು ರಸ್ತೆಗೆ ಓಡಬಹುದು. ಐದಕ್ಕಿಂತ ಹೆಚ್ಚು ಸೈಕಲುಗಳು ಒಮ್ಮೆಗೇ ಬೇಡ. ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲಿ ಬರೆದಿಟ್ಟು ಹೊರಡಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಆಂಬುಲೆನ್ಸ್ ಬರುವ ರಸ್ತೆಯ ಹೆಸರನ್ನೂ ಹತ್ತಿರದ ಅಂಗಡಿ, ಶಾಲೆ ಅಥವಾ ದೇವಸ್ಥಾನದ ಗುರುತನ್ನೂ 108ಕ್ಕೆ ಹೇಳುವಂತೆ ಮೊದಲೇ ತಿಳಿದಿರಬೇಕು. ಕೊಳಕುಮಂಡಲ, ನಾಗರ ಮುಂತಾದ ಹಾವು ಕಚ್ಚಿದರೆ ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಕೈಯನ್ನೋ ಕಾಲನ್ನೋ ಕೋಲು ಬಟ್ಟೆಯಿಂದ ಅಲುಗದಂತೆ ಕಟ್ಟಿ, ಉಂಗುರ, ಬಳೆ, ವಾಚು ತೆಗೆದು ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಹುರಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಕೂಡದು. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.

ಸವಾರಿಯ ನಂತರ

ಗುಡ್ಡೆಯಿಂದ ಇಳಿದಲ್ಲಿಯೇ, ಮನೆಗೆ ಹೊರಡುವ ಮೊದಲು, ಗಟ್ಟಿ ಬ್ರಷ್ಷಿನಿಂದ ಟಯರ್, ಚೈನು, ಶೂಗಳಲ್ಲಿ ಅಂಟಿದ ಮಣ್ಣು ಮತ್ತು ಬೀಜಗಳನ್ನು ಕೊಡವಿಬಿಡಿ. ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿ ಇವು ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ಹೋಗಲು ನಮ್ಮ ಟಯರಿನ ಹಲ್ಲುಗಳೂ ಸಾಕು. ಚಾಕಲೇಟಿನ ಹೊದಿಕೆ, ಪಂಕ್ಚರಾದ ಟ್ಯೂಬ್ ಎಲ್ಲವನ್ನೂ ಮನೆಗೆ ತಂದು, ಕಸ ಸಂಗ್ರಹಿಸಲು ತಿಂಗಳಿಗೊಮ್ಮೆ ಬರುವ ಪಂಚಾಯತಿನ ಹರಿತಕರ್ಮಸೇನೆಯವರಿಗೆ ಕೊಡಿ. ಸೈಕಲ್ ತೊಳೆಯುವುದಾದರೆ ತೋಡಿನಲ್ಲೋ ಬಾವಿಯ ಬದಿಯಲ್ಲೋ ಬೇಡ, ಚೈನಿನ ಎಣ್ಣೆ ನೀರಿಗೆ ಸೇರುತ್ತದೆ. ಮುರಕಲ್ಲಿನ ಧೂಳು ಅರದಂತೆ ತೇಯುವುದರಿಂದ ಬ್ರೇಕ್ ಪ್ಯಾಡುಗಳನ್ನು ಪ್ರತಿ ಸವಾರಿಯ ನಂತರ ನೋಡಬೇಕು. ಲೋಹದ ತಗಡನ್ನು ಬಿಟ್ಟು ಪ್ಯಾಡಿನ ದಪ್ಪ ಒಂದು ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ.

ಎಷ್ಟೇ ಜಾಗ್ರತೆ ವಹಿಸಿದರೂ ಒಂದೆರಡು ಕಡೆ ಚಕ್ರ ಗೀಚಿಯೇ ಇರುತ್ತದೆ. ಆ ಜಾಗಗಳನ್ನು ನೆನಪಿಟ್ಟುಕೊಂಡು, ಮುಂದಿನ ಮಳೆ ಬಂದು ನಿಂತ ಮರುದಿನ ಸೈಕಲ್ ಇಲ್ಲದೆ ನಡೆದು ಹೋಗಿ ನೋಡಿ. ನೀರು ಗೆರೆ ಹಿಡಿದಿದ್ದರೆ ಜಾಗದವರ ಒಪ್ಪಿಗೆ ಪಡೆದು, ಗಟ್ಟಿಯಾದ ಮಣ್ಣನ್ನು ಸ್ವಲ್ಪ ಸಡಿಲಿಸಿ, ಗೆರೆಗೆ ಓರೆಯಾಗಿ ಅಂಗೈ ಗಾತ್ರದ ಕಲ್ಲುಗಳನ್ನು ಎರಡು ಮೂರು ಹೆಜ್ಜೆಗೊಂದು ಸಾಲಾಗಿ ಅರ್ಧ ಹುಗಿದಿಡಿ. ಸಾಲಿನ ತಗ್ಗು ತುದಿ ಹುಲ್ಲಿರುವ ಬದಿಗಿರಬೇಕು, ಆಗ ನೀರು ದಾರಿ ಬಿಟ್ಟು ಹುಲ್ಲಿಗೆ ಹೊರಳುತ್ತದೆ. ಮೇಲೆ ಒಂದು ಹಿಡಿ ತರಗೆಲೆ ಹರಡಿ. ಅಜ್ಜನ ಸುರಂಗದ ಮೇಲಿನ ಇಳಿಜಾರಿನಲ್ಲಿ ನಾನು ಅಂಥ ಏಳು ಸಾಲುಗಳನ್ನಿಟ್ಟೆ. ಮೊದಲ ಮೂರನ್ನು ಅವರೇ ಕಿತ್ತು ಓರೆ ಸರಿಪಡಿಸಿ ತೋರಿಸಿಕೊಟ್ಟರು, ಉಳಿದ ನಾಲ್ಕು ಆ ಅಳತೆಗೆ ನಾನಿಟ್ಟದ್ದು.